ಕಲ್ಯಾಣವನ್ನು ತೊರೆದವರು: ಶರಣಕಥನದಲ್ಲಿ ವಲಸೆಯ ನೆಲೆ

೧

ಮುದ್ದೇಬಿಹಾಳ ತಾಲೂಕಿನ ತಂಗಡಗಿಯು ಕೃಷ್ಣಾ ನದಿಯ ದಂಡೆಯ ಮೇಲಿರುವ ಒಂದು ಊರು. ಶರಣೆ ನೀಲಮ್ಮನವರು ಐಕ್ಯರಾದ ಸ್ಥಳವೆಂದು ಭಕ್ತಜನರು ಅದನ್ನು ತಲೆತಲಾಂತರದಿಂದ ಗೌರವಿಸುತ್ತ ಬಂದಿದ್ದಾರೆ. ಹಡಪದ ಅಪ್ಪಣ್ಣನವರ ಹೆಸರೂ ಆ ಊರಿನೊಡನೆ ಕೂಡಿಕೊಂಡಿದೆ. ಅಲ್ಲಿಗೆ ಹೋಗಿ, ಹೊಳೆಯಲ್ಲಿ ಮಿಂದು, ಕಾಯಿ ಒಡೆಸಿಕೊಂಡು ಮರಳುವವರಲ್ಲಿ ಎಷ್ಟು ಜನರ ಮನಸ್ಸಿನಲ್ಲಿ ಒಂದು ಸರಳವಾದ ಪ್ರಶ್ನೆ ಏಳುತ್ತದೆಯೋ ತಿಳಿಯದು. ಕಲ್ಯಾಣದ ಮಹಾಮನೆಯಲ್ಲಿ ಜಂಗಮದಾಸೋಹದ ಹೊಣೆ ಹೊತ್ತಿದ್ದ ತಾಯಿ ಅಷ್ಟು ದೂರದ ಈ ದಂಡೆಗೆ ಬಂದುದಾದರೂ ಏಕೆ? ಆಕೆ ತೀರ್ಥಯಾತ್ರೆಗೆ ಹೊರಟವರಲ್ಲ. ಇದ್ದ ಊರು ಇರಗೊಡದಂತಾದಾಗ ಹೊರಟವರು.

ಈ ಪ್ರಶ್ನೆ ತಂಗಡಗಿಯೊಂದಕ್ಕೇ ಸೇರಿದುದಲ್ಲ. ಇಂದಿನ ವಿಜಯಪುರ ಜಿಲ್ಲೆಯ ನೆಲ ಕಲ್ಯಾಣದ ಕಥೆಗೆ ಮೊದಲೂ ಆಗಿದೆ, ಕೊನೆಯೂ ಆಗಿದೆ. ಬಸವಣ್ಣನವರು ಹುಟ್ಟಿದ ಬಾಗೇವಾಡಿ ಇಲ್ಲಿದೆ. ಅವರ ತಾಯಿಯ ತವರೆಂದು ಪರಂಪರೆ ಹೇಳುವ ಇಂಗಳೇಶ್ವರ ಅದರ ನೆರೆಯಲ್ಲಿದೆ. ಮಡಿವಾಳ ಮಾಚಿದೇವರ ಹಿಪ್ಪರಗಿ, ಅಂದರೆ ಇಂದಿನ ದೇವರ ಹಿಪ್ಪರಗಿ, ಈಚೆಗೆ ಪ್ರತ್ಯೇಕ ತಾಲೂಕಾಗುವವರೆಗೆ ಸಿಂದಗಿ ತಾಲೂಕಿಗೆ ಸೇರಿತ್ತು. ಬಸವಣ್ಣನವರ ಮನೆತನವನ್ನು ಉಲ್ಲೇಖಿಸುವ ೧೨೬೦ರ ಅರ್ಜುನವಾಡದ ಶಾಸನವು ಬಾಗೇವಾಡಿಯನ್ನು ತರ್ದವಾಡಿ ನಾಡಿನೊಡನೆ ಹೇಳುತ್ತದೆ. ಆ ನಾಡಿಗೆ ಹೆಸರು ಕೊಟ್ಟ ಊರನ್ನು ವಿದ್ವಾಂಸರು ಇಂಡಿಯ ಕಡೆಗೆ ಭೀಮಾತೀರದಲ್ಲಿರುವ ತದ್ದೇವಾಡಿಯೆಂದು ಗುರುತಿಸಿದ್ದಾರೆ. ಹೀಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಹೆಸರುಗಳೂ ಶರಣಚರಿತ್ರೆಯ ಓದುಗನಿಗೆ ಪುಸ್ತಕದ ಹೆಸರುಗಳಲ್ಲ, ಮನೆಯ ಹೆಸರುಗಳು.

ಆದರೂ ಈ ಚರಿತ್ರೆಯ ಕೊನೆಯ ಅಧ್ಯಾಯವನ್ನು ಹಿಂಸೆಯ ದೆಸೆಯಿಂದ ತಮ್ಮದೇ ನಾಡಿನೊಳಗೆ ನೆಲೆ ತಪ್ಪಿದ ಜನಸಮುದಾಯವೊಂದರ ಕಥೆಯಾಗಿ ಓದಿದವರು ಕಡಿಮೆ. ಅದನ್ನು ಐಕ್ಯದ ಕಥೆಯಾಗಿ ಓದುವುದೇ ರೂಢಿ. ಶರಣಕಾವ್ಯಗಳು ಈ ಸಂದರ್ಭವನ್ನು ಹೇಗೆ ಹೇಳಿವೆ, ಎಲ್ಲಿ ಮೌನವಾಗಿವೆ, ಆ ಮೌನಕ್ಕೆ ಕಾರಣವೇನು ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲು ಘಟನೆಯ ರೂಪುರೇಷೆಯನ್ನು ಗಮನಿಸಬೇಕು. ಕಲ್ಯಾಣದ ಚಾಲುಕ್ಯರ ಮಾಂಡಲಿಕನಾಗಿದ್ದ ಕಳಚುರಿ ಬಿಜ್ಜಳನು ಹನ್ನೆರಡನೆಯ ಶತಮಾನದ ನಡುಭಾಗದಲ್ಲಿ ಪ್ರಬಲನಾಗಿ ಒಡೆಯರ ಸಿಂಹಾಸನವನ್ನೇ ಆಕ್ರಮಿಸಿದನು. ಅವನ ಆಳ್ವಿಕೆ ಮುಗಿದು ಮಗ ಸೋವಿದೇವನು ಪಟ್ಟಕ್ಕೆ ಬಂದುದು ೧೧೬೭-೬೮ರ ಸುಮಾರಿಗೆ. ಶರಣರು ಚದುರಿದ ಕಾಲವೂ ಅದೇ ಎಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಮುಂದಿನ ಒಂದೂವರೆ ದಶಕದಲ್ಲಿ ಕಳಚುರಿಗಳ ಪ್ರಭುತ್ವವೂ ಅಳಿಯಿತು.

ಹಿಂಸೆಯ ಮೂಲವನ್ನು ಪರಂಪರೆಯು ಎರಡು ಬಗೆಯಾಗಿ ಹೇಳುತ್ತದೆ. ಬಿಜ್ಜಳನು ಇಬ್ಬರು ಶರಣರ ಕಣ್ಣುಗಳನ್ನು ಕೀಳಿಸಿದನೆಂಬುದು ಹಳೆಯ ನಿರೂಪಣೆ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣಕುಲದಿಂದ ಬಂದ ಮಧುವರಸರ ಮಗಳಿಗೂ ಆದ ಮದುವೆಯೇ ಕಾರಣವಾಗಿ ಆ ಇಬ್ಬರು ತಂದೆಯರಿಗೆ ಎಳೆಹೂಟೆಯ ಶಿಕ್ಷೆಯಾಯಿತೆಂಬುದು ಅನಂತರದ ಪುರಾಣಗಳಲ್ಲಿ ಬೆಳೆದು, ಇಂದು ಸರ್ವತ್ರ ಪ್ರಚಲಿತವಾಗಿರುವ ನಿರೂಪಣೆ. ಎರಡರಲ್ಲಿಯೂ ಸಮಾನವಾದುದು ಒಂದಿದೆ. ಕುಲದ ಕಟ್ಟನ್ನು ಮೀರಿದ ಜನರಿಗೆ ಅರಸನ ಅಧಿಕಾರವು ದೇಹದಂಡನೆಯನ್ನು ವಿಧಿಸಿತು. ಅದು ಬೀದಿಯಲ್ಲಿ, ಎಲ್ಲರ ಕಣ್ಣೆದುರಿಗೆ ನಡೆಯಿತು. ಅಂತಹ ದಂಡನೆಯ ಗುರಿ ಇಬ್ಬರ ಪ್ರಾಣ ತೆಗೆಯುವುದಷ್ಟೇ ಆಗಿರುವುದಿಲ್ಲ. ನೋಡಿದವರೆಲ್ಲ ಅಂಜಬೇಕು, ಅಂಜಿ ಬಾಯಿ ಮುಚ್ಚಬೇಕು, ಇಲ್ಲವೆ ಊರು ಬಿಡಬೇಕು ಎಂಬುದೇ ಅದರ ಗುರಿ.

ಇದಾದ ಮೇಲೆ ಜಗದೇವನೆಂಬವನು ಸಂಗಡಿಗರೊಡನೆ ಬಿಜ್ಜಳನನ್ನು ಕೊಂದನೆಂದು ಪುರಾಣಗಳು ಹೇಳುತ್ತವೆ. ಅಲ್ಲಿಗೆ ಕಲ್ಯಾಣದಲ್ಲಿ ಶರಣರೆಂದು ಗುರುತಾದ ಯಾರಿಗೂ ನೆಲೆಯಿಲ್ಲದಂತಾಯಿತು. ಚೆನ್ನಬಸವಣ್ಣನವರು, ಅಕ್ಕ ನಾಗಮ್ಮನವರು ಒಂದು ದೊಡ್ಡ ಸಮೂಹದೊಡನೆ ಪಶ್ಚಿಮಕ್ಕೆ ನಡೆದು ಉಳವಿಯ ಕಾಡನ್ನು ಸೇರಿದರು. ಬೆನ್ನಟ್ಟಿ ಬಂದ ಸೈನ್ಯವನ್ನು ಹಿಂದೆ ನಿಂತು ತಡೆದವರಲ್ಲಿ ಹಿಪ್ಪರಗಿಯ ಮಾಚಿದೇವರು ಪ್ರಮುಖರೆಂದು ಪ್ರತೀತಿ. ಕಿತ್ತೂರಿನ ಸೀಮೆಯ ಕಾದರವಳ್ಳಿಯ ಪರಿಸರದಲ್ಲಿ ಕಾಳಗವಾಯಿತೆಂದು ಆ ಭಾಗದ ಜನ ಇಂದಿಗೂ ಹೇಳುತ್ತಾರೆ. ಮಲಪ್ರಭೆಯ ದಂಡೆಯ ಎಂ. ಕೆ. ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯವರ, ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನವರ ನೆನಪುಗಳು ನಿಂತಿವೆ. ಈ ಊರುಗಳನ್ನು ಒಂದು ನಕಾಶೆಯ ಮೇಲೆ ಗುರುತಿಸಿ ಗೆರೆಯೆಳೆದರೆ ಕಾಣುವುದು ಯಾತ್ರೆಯ ದಾರಿಯಲ್ಲ. ಅದು ಬೆನ್ನಿಗೆ ಶತ್ರುವಿರುವಾಗ, ಹೆಂಗಸರು ಮಕ್ಕಳು ಮುದುಕರೊಡನೆ, ಹೊಳೆಗಳನ್ನು ದಾಟುತ್ತ, ಕಾಡಿನ ಮರೆಯನ್ನು ಹುಡುಕುತ್ತ ಸಾಗಿದವರ ದಾರಿ.

೩

ಇಂತಹ ಮಹಾಸಂಕಟವನ್ನು ಕಾವ್ಯಗಳು ಹೇಗೆ ಕಂಡಿವೆ? ಕಾಲದಲ್ಲಿ ಹತ್ತಿರದವನಾದ ಹರಿಹರನಿಂದ ಆರಂಭಿಸುವುದು ಉಚಿತ. ಬಸವರಾಜದೇವರ ರಗಳೆಯಲ್ಲಿ ಬಸವಣ್ಣನವರು ಬಾಗೇವಾಡಿಯನ್ನು ಬಿಟ್ಟು ಕಪ್ಪಡಿಸಂಗಮಕ್ಕೆ ಹೊರಡುವ ಸಂದರ್ಭ ಬಹು ಜೀವಂತವಾಗಿದೆ. ತಂದೆತಾಯಿಯರನ್ನು ಕಳೆದುಕೊಂಡ ತರುಣನು ಜನಿವಾರವನ್ನು ಹರಿದು, ಮನೆಯನ್ನೂ ಸಿರಿಯನ್ನೂ ತೊರೆದು ಒಬ್ಬನೇ ನಡೆಯುತ್ತಾನೆ. ಆ ಹೋಗುವಿಕೆಯಲ್ಲಿರುವ ದಣಿವು, ನೆಲೆಯಿಲ್ಲದ ತಳಮಳ, ಸಂಗಮನಾಥನನ್ನು ಕಂಡಾಗಿನ ನೆಮ್ಮದಿ ಇವೆಲ್ಲವನ್ನೂ ಹರಿಹರನು ಬಿಡಿಸಿ ಹೇಳಿದ್ದಾನೆ. ಊರು ಬಿಡುವವನ ಹೃದಯವನ್ನು ಬಲ್ಲ ಕವಿ ಅವನು. ಆದರೆ ಇಪ್ಪತ್ತೈದು ಸ್ಥಲಗಳ ಆ ಕೃತಿಯಲ್ಲಿ ದೊರೆತಿರುವುದು ಹದಿಮೂರು ಸ್ಥಲಗಳು ಮಾತ್ರ. ಬಸವಣ್ಣನವರ ಮೊದಲನೆಯ ಅಗಲಿಕೆಯನ್ನು ಅಷ್ಟು ಚೆನ್ನಾಗಿ ಹೇಳಿದ ಕವಿ ಕೊನೆಯ ಅಗಲಿಕೆಯನ್ನು ಹೇಗೆ ಹೇಳಿದ್ದನೋ! ಕನ್ನಡ ಸಾಹಿತ್ಯದ ದೊಡ್ಡ ನಷ್ಟಗಳಲ್ಲಿ ಇದೊಂದು.

ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥನೂ ಅವನನ್ನು ಅನುಸರಿಸಿ ೧೩೬೯ರಲ್ಲಿ ಕನ್ನಡದಲ್ಲಿ ಭೀಮಕವಿಯೂ ರಚಿಸಿದ ಬಸವಪುರಾಣಗಳು ಕಥೆಯ ಕೊನೆಯನ್ನು ಹೇಳುತ್ತವೆ. ಅಲ್ಲಿ ಬಸವಣ್ಣನವರು ಕಲ್ಯಾಣವನ್ನು ಬಿಟ್ಟು ಸಂಗಮವನ್ನು ಸೇರಿ ಲಿಂಗದಲ್ಲಿ ಬೆರೆಯುತ್ತಾರೆ. ಬಿಜ್ಜಳನ ವಧೆ ದ್ರೋಹಿಗೆ ತಕ್ಕ ಶಿಕ್ಷೆಯಾಗುತ್ತದೆ. ಕಲ್ಯಾಣದ ನಾಶ ಶಿವಕೋಪದ ಫಲವಾಗುತ್ತದೆ. ಕಥೆಯ ನ್ಯಾಯ ಪೂರ್ಣವಾಯಿತು. ಆದರೆ ಕಲ್ಯಾಣವು ಹಾಳಾದ ದಿನ ಅಲ್ಲಿದ್ದ ಸಾಮಾನ್ಯ ಭಕ್ತನ ಗತಿಯೇನು? ದನಕರುಗಳನ್ನು ಯಾರಿಗೆ ಒಪ್ಪಿಸಿದನು? ಹಸುಗೂಸನ್ನು ಹೊತ್ತವಳು ಎಲ್ಲಿ ತಂಗಿದಳು? ಈ ಪ್ರಶ್ನೆಗಳಿಗೆ ಅಲ್ಲಿ ಸ್ಥಾನವಿಲ್ಲ. ಮುಂದಿನ ಪುರಾಣಗಳು ಶರಣರೆಲ್ಲರನ್ನೂ ಕೈಲಾಸದಿಂದ ಕಾರಣಾರ್ಥವಾಗಿ ಇಳಿದು ಬಂದ ಗಣಂಗಳೆಂದು ಕಾಣುತ್ತವೆ. ಬಂದ ಕಾರ್ಯ ಮುಗಿಯಿತು, ಹಿಂದಿರುಗಿದರು ಎಂಬುದು ಅವುಗಳ ತರ್ಕ. ಕಾರಣಿಕಪುರುಷನಿಗೆ ಕಾಲು ನೋಯುವುದಿಲ್ಲ, ಬಾಯಾರುವುದಿಲ್ಲ. ಆದುದರಿಂದ ಅವನ ನಡಿಗೆಯನ್ನು ವರ್ಣಿಸುವ ಅಗತ್ಯವೂ ಇರುವುದಿಲ್ಲ.

ಇದೇ ಘಟನೆಯನ್ನು ಎದುರುಪಕ್ಷದಿಂದ ನೋಡಿದ ಕೃತಿಯೂ ಒಂದಿದೆ. ಹದಿನೇಳನೆಯ ಶತಮಾನದ ಜೈನಕವಿ ಧರಣಿಪಂಡಿತನ ಬಿಜ್ಜಳರಾಯ ಚರಿತೆಯಲ್ಲಿ ಬಸವಣ್ಣನವರೇ ಅಪರಾಧಿ. ಅರಸನ ಮರಣಾನಂತರ ಅವನ ಮಗನು ಬೆನ್ನಟ್ಟಲಾಗಿ ಬಸವಣ್ಣನವರು ಓಡಿಹೋದರೆಂದು, ಅವರ ಕೊನೆಯೂ ಉಳವಿಯಲ್ಲಿ ದೈನ್ಯದಲ್ಲಾಯಿತೆಂದು ಆ ಪರಂಪರೆ ಹೇಳುತ್ತದೆ. ಭಕ್ತನ ಕಿವಿಗೆ ಇದು ಕಠೋರವಾದ ಮಾತು. ಐತಿಹಾಸಿಕವಾಗಿಯೂ ಅದನ್ನು ಹಾಗೆಯೇ ಸ್ವೀಕರಿಸುವಂತಿಲ್ಲ. ಘಟನೆ ನಡೆದು ಹಲವು ಶತಮಾನಗಳ ಮೇಲೆ, ವೈರದ ಹಿನ್ನೆಲೆಯಲ್ಲಿ ಹುಟ್ಟಿದ ಕೃತಿ ಅದು. ಆದರೆ ವಿಮರ್ಶಕನು ಇಲ್ಲೊಂದು ವಿಷಯವನ್ನು ಗಮನಿಸಲೇಬೇಕು. ಶರಣರನ್ನು ಬೆನ್ನಟ್ಟಲಾಯಿತು, ಅವರು ಜೀವ ಹಿಡಿದು ಓಡಿದರು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿದುದು ವಿರೋಧಿಯ ಕೃತಿಯೇ. ವಿರೋಧಿಯು ಅದನ್ನು ಹೀಯಾಳಿಸುವುದಕ್ಕಾಗಿ ಹೇಳಿದನು. ಭಕ್ತಕವಿಯು ಆ ಹೀಯಾಳಿಕೆಗೆ ಅಂಜಿದವನಂತೆ ಅದನ್ನು ಮುಚ್ಚಿ, ಐಕ್ಯದ ಪ್ರಭೆಯನ್ನು ಹರಡಿದನು.

ಮೇಲುನೋಟಕ್ಕೆ ಪರಸ್ಪರ ವಿರುದ್ಧವಾಗಿ ಕಾಣುವ ಈ ಎರಡು ಬಗೆಯ ಕೃತಿಗಳ ಅಡಿಯಲ್ಲಿರುವ ನಂಬಿಕೆ ಮಾತ್ರ ಒಂದೇ: ಓಡಿಹೋಗುವುದು ಅವಮಾನ. ಒಬ್ಬನು ಆ ಅವಮಾನವನ್ನು ಹೊರಿಸುತ್ತಾನೆ, ಇನ್ನೊಬ್ಬನು ಅದನ್ನು ಅಳಿಸುತ್ತಾನೆ. ಅದು ಅವಮಾನವೇ ಹೌದೇ ಎಂದು ಇಬ್ಬರೂ ಕೇಳುವುದಿಲ್ಲ. ಕತ್ತಿ ಹಿಡಿದು ಬಂದವನಿಂದ ಮಕ್ಕಳನ್ನು ಉಳಿಸಿಕೊಂಡು ಹೊರಟವಳಿಗೆ ಯಾವ ಅವಮಾನ? ಅವಮಾನವಾಗಬೇಕಾದುದು ಅವಳನ್ನು ಹೊರಡಿಸಿದ ಊರಿಗೆ. ಈ ಸರಳ ವಿವೇಕ ಕಾವ್ಯಗಳಿಗೆ ಒದಗದೆ ಹೋದುದು ಆ ಕಾಲದ ವೀರಾದರ್ಶದ ಮಿತಿ. ಅದನ್ನು ಮಿತಿಯೆಂದು ಗುರುತಿಸುವುದರಿಂದ ಕವಿಗಳಿಗೂ ಶರಣರಿಗೂ ಅಗೌರವವಾಗುವುದಿಲ್ಲ.

೪

ಪುರಾಣವು ಮೌನವಾದ ಎಡೆಯಲ್ಲಿ ವಚನವು ಮಾತನಾಡುತ್ತದೆಯೇ ಎಂದು ನೋಡಬೇಕು. ಮಾತನಾಡುತ್ತದೆ, ಅದೂ ಮುಖ್ಯವಾಗಿ ಹೆಣ್ಣಿನ ಕಂಠದಿಂದ. ಸಂಗಯ್ಯ ಎಂಬ ಅಂಕಿತದಲ್ಲಿ ದೊರೆಯುವ ನೀಲಮ್ಮನವರ ವಚನಗಳಲ್ಲಿ ಬಸವಣ್ಣನವರ ಅಗಲಿಕೆಯ ಅಳಲು ಮತ್ತೆ ಮತ್ತೆ ಕೇಳಿಬರುತ್ತದೆ. ಆ ವಚನಗಳಲ್ಲಿ ತತ್ತ್ವದ ಪರಿಭಾಷೆ ತುಂಬಿದೆ, ನಿಜ. ಐಕ್ಯದ ಅರಿವಿದೆ, ಅದೂ ನಿಜ. ಆದರೆ ಅರಿವು ಅಳಲನ್ನು ನುಂಗಿಹಾಕಿಲ್ಲ. ಆಧಾರ ತಪ್ಪಿದವಳ ದನಿ ಪರಿಭಾಷೆಯ ನಡುವೆಯೂ ಸ್ಪಷ್ಟವಾಗಿ ಕೇಳಿಸುತ್ತದೆ. ಈ ವಚನಗಳನ್ನು ತತ್ತ್ವದೃಷ್ಟಿಯಿಂದ ಮಾತ್ರ ವ್ಯಾಖ್ಯಾನಿಸುವುದು ವಾಡಿಕೆಯಾಗಿದೆ. ಅವು ಊರು ಕಳೆದುಕೊಂಡವಳ ಮಾತುಗಳೂ ಹೌದೆಂದು ಒಪ್ಪಿದರೆ ಅವುಗಳ ಅರ್ಥ ಇನ್ನಷ್ಟು ಆಳವಾಗುತ್ತದೆ. ಬಸವಣ್ಣನವರ ಕರೆಯಂತೆ ಅಪ್ಪಣ್ಣನವರೊಡನೆ ಹೊರಟ ನೀಲಮ್ಮನವರು ತಂಗಡಗಿಯನ್ನು ತಲುಪುವಷ್ಟರಲ್ಲಿ ಬಸವಣ್ಣನವರು ಐಕ್ಯರಾದ ಸುದ್ದಿ ಬಂದಿತೆಂದೂ, ಸಂಗಮನಾಥನು ಅಲ್ಲಿ ಮಾತ್ರ ಇರುವನೇ, ಇಲ್ಲಿಲ್ಲವೇ ಎಂದು ಆ ತಾಯಿ ಅಲ್ಲಿಯೇ ನಿಂತರೆಂದೂ ಪರಂಪರೆ ಹೇಳುತ್ತದೆ. ಇದು ಅನುಭಾವದ ಉನ್ನತ ನಿಲುವೆಂಬುದರಲ್ಲಿ ಸಂಶಯವಿಲ್ಲ. ಜೊತೆಗೆ ಅದು ಮುಂದೆ ಹೋಗಲು ಕಾರಣ ಉಳಿಯದ, ಹಿಂದೆ ಹೋಗಲು ಊರು ಉಳಿಯದ ಒಬ್ಬ ಹೆಣ್ಣುಮಗಳು ಹೊಳೆಯ ದಂಡೆಯಲ್ಲಿ ನಿಂತ ಕ್ಷಣವೂ ಹೌದು. ಎರಡನ್ನೂ ಒಟ್ಟಿಗೆ ಹಿಡಿಯಬಲ್ಲ ಓದೇ ಪೂರ್ಣವಾದ ಓದು.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಶರಣಧರ್ಮವು ಸ್ಥಾವರಕ್ಕಿಂತ ಜಂಗಮವನ್ನು ಮೇಲೆಂದು ಎಣಿಸಿದ ಧರ್ಮ. ಇಷ್ಟಲಿಂಗವು ಅಂಗದ ಮೇಲಿರುವಾಗ ಶರಣನಿಗೆ ಯಾವ ಊರಾದರೇನು, ಕಲ್ಯಾಣ ಕಳೆದುಹೋದರೇನು ಎಂದು ಕೇಳಬಹುದು. ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಗುಡಿಯನ್ನು ನೆಚ್ಚಿದ ಸಮುದಾಯವು ಗುಡಿಯನ್ನು ಕಳೆದುಕೊಂಡಾಗ ದೇವರನ್ನೂ ಕಳೆದುಕೊಳ್ಳುತ್ತದೆ. ಕೊರಳಲ್ಲಿ ಲಿಂಗವನ್ನು ಧರಿಸಿದವರು ಉಳವಿಯ ಕಾಡಿನಲ್ಲಿಯೂ ಪೂಜೆಯನ್ನು ತಪ್ಪಿಸಬೇಕಾಗಲಿಲ್ಲ. ಶರಣಸಮುದಾಯ ಚದುರಿಯೂ ಅಳಿಯದೆ ಉಳಿದುದಕ್ಕೆ ಈ ತತ್ತ್ವವು ಒಂದು ಮುಖ್ಯ ಕಾರಣವಾಗಿರಬೇಕು.

ಆದರೆ ಜಂಗಮತ್ವ ಬೇರೆ, ವಲಸೆ ಬೇರೆ. ಜಂಗಮನು ತಾನಾಗಿ ಚಲಿಸುತ್ತಾನೆ. ಅವನು ಹೋದ ಊರು ಅವನನ್ನು ಎದುರುಗೊಳ್ಳುತ್ತದೆ. ವಲಸೆಗಾರನನ್ನು ಭಯವು ಚಲಿಸುವಂತೆ ಮಾಡುತ್ತದೆ; ಅವನು ಹೋದ ಊರು ಅವನನ್ನು ಸಂಶಯದಿಂದ ನೋಡುತ್ತದೆ. ಮೇಲಾಗಿ ಶರಣರಲ್ಲಿ ಬಹುಸಂಖ್ಯಾತರು ಕಾಯಕಜೀವಿಗಳು. ಮಡಿವಾಳನಿಗೆ ಬಟ್ಟೆ ಕೊಡುವ ಮನೆಗಳು ಬೇಕು, ಸಮಗಾರನಿಗೆ ತೊಗಲೂ ಗಿರಾಕಿಯೂ ಬೇಕು, ಅಂಬಿಗನಿಗೆ ಹೊಳೆ ಬೇಕು, ಒಕ್ಕಲಿಗನಿಗೆ ಹೊಲ ಬೇಕು. ಲಿಂಗವನ್ನು ಕೊರಳಲ್ಲಿ ಒಯ್ಯಬಹುದು, ಹೊಲವನ್ನು ಒಯ್ಯಲಾಗದು. ಕಾಯಕವನ್ನು ಕೈಲಾಸವೆಂದು ಕಂಡವರಿಂದ ಕಾಯಕದ ನೆಲೆಯನ್ನು ಕಸಿದುಕೊಂಡರೆ ಕಸಿದುಕೊಂಡುದು ಬರಿಯ ಅನ್ನವನ್ನಲ್ಲ. ಆದುದರಿಂದ ಜಂಗಮತತ್ತ್ವವನ್ನು ಮುಂದುಮಾಡಿ ಶರಣರ ನೋವನ್ನು ಹಗುರಾಗಿ ಕಾಣುವುದು ಆ ತತ್ತ್ವಕ್ಕೇ ಮಾಡಿದ ಅಪಚಾರವಾದೀತು.

ಬಿಜಾಪುರದ ಸೀಮೆಯ ಜನಭಾಷೆ ಈ ವಿವೇಕವನ್ನು ಚೆನ್ನಾಗಿ ಬಲ್ಲುದು. ಮಳೆ ಹೋದ ವರ್ಷ ಮನೆಗೆ ಬೀಗ ಹಾಕಿ ಮಕ್ಕಳನ್ನು ಕಟ್ಟಿಕೊಂಡು ಹೊರಡುವುದನ್ನು ಇಲ್ಲಿಯ ಜನ 'ಗುಳೆ' ಎನ್ನುತ್ತಾರೆ. ಅದನ್ನು ಯಾರೂ ಯಾತ್ರೆಯೆಂದು ಕರೆಯುವುದಿಲ್ಲ. ಗುಳೆ ಹೋದವನು ಮಳೆ ಬಂದರೆ ಮರಳುತ್ತಾನೆ. ಹಿಂಸೆಗೆ ಅಂಜಿ ಹೋದವನು ಮರಳಬೇಕಾದರೆ ಮಳೆ ಸಾಲದು. ನೆರೆಯವನ ಮನಸ್ಸು ತಿರುಗಬೇಕು. ಬರಗಾಲದ ವಲಸೆಗಿಂತ ಈ ವಲಸೆ ಕ್ರೂರವಾದುದು ಇದರಿಂದಲೇ.

೫

ಇಷ್ಟೆಲ್ಲ ಹೇಳಿದ ಮೇಲೆ ಪುರಾಣಗಳಿಗೆ ನ್ಯಾಯ ಸಲ್ಲಿಸದಿದ್ದರೆ ವಿಮರ್ಶೆ ಏಕಪಕ್ಷೀಯವಾದೀತು. ಆ ಕವಿಗಳು ಬರೆದುದು ಚದುರಿಹೋದವರ ಮಕ್ಕಳು ಮೊಮ್ಮಕ್ಕಳಿಗಾಗಿ. ಸೋತು ಓಡಿಬಂದವರ ಸಂತಾನವೆಂದು ಎಣಿಸಿಕೊಂಡ ಸಮುದಾಯ ಬಹುಕಾಲ ತಲೆಯೆತ್ತಿ ನಿಲ್ಲಲಾರದು. ಓಡಿದ ದಾರಿಯ ಪ್ರತಿಯೊಂದು ತಂಗುದಾಣವನ್ನೂ ಐಕ್ಯಸ್ಥಳವನ್ನಾಗಿ ಮಾಡಿ, ಅಲ್ಲೊಂದು ಗದ್ದುಗೆಯನ್ನೂ ದಾಸೋಹವನ್ನೂ ನಿಲ್ಲಿಸಿದುದರಿಂದ ಸೋಲಿನ ದಾರಿಯೇ ಪುಣ್ಯದ ದಾರಿಯಾಯಿತು. ಕಳೆದುಕೊಂಡ ಒಂದು ಕಲ್ಯಾಣಕ್ಕೆ ಬದಲಾಗಿ ನೂರು ಕ್ಷೇತ್ರಗಳು ಹುಟ್ಟಿದವು. ಇದು ಕಾವ್ಯವು ಮಾಡಿದ ದೊಡ್ಡ ಉಪಕಾರ.

ಕಾಲಜ್ಞಾನ ಸಾಹಿತ್ಯವನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಬಸವಾದಿ ಶರಣರ ಹೆಸರಿನಲ್ಲಿ ಪ್ರಚಾರವಾಗಿರುವ, ಆದರೆ ಬಹುಮಟ್ಟಿಗೆ ಅನಂತರದ ಕಾಲದವೆಂದು ತೋರುವ ಈ ಕೃತಿಗಳನ್ನು ಸಾಹಿತ್ಯವಿಮರ್ಶೆ ಇನ್ನೂ ಸರಿಯಾಗಿ ಕೈಗೆತ್ತಿಕೊಂಡಿಲ್ಲ. ವೀರವಸಂತರಾಯನು ಬರುವನು, ಹಾಳಾದ ಕಲ್ಯಾಣವು ಮರಳಿ ಕಲ್ಯಾಣವಾಗುವುದು, ಶರಣರು ಮತ್ತೆ ನೆರೆಯುವರು ಎಂಬುದು ಅವುಗಳ ಪಲ್ಲವಿ. ಭವಿಷ್ಯವು ನಿಜವಾಯಿತೋ ಇಲ್ಲವೋ ಎಂದು ಲೆಕ್ಕ ಹಾಕುವುದು ವ್ಯರ್ಥ. ಅವುಗಳಲ್ಲಿ ಕೇಳಬೇಕಾದುದು ಊರು ಬಿಟ್ಟು ಬಂದವರು ರಾತ್ರಿ ಮಕ್ಕಳಿಗೆ ಹೇಳುವ ಮಾತನ್ನು: ಇಂದಲ್ಲ ನಾಳೆ ಹಿಂದಿರುಗಿ ಹೋಗುತ್ತೇವೆ. ಪುರಾಣವು ಶರಣರನ್ನು ಕೈಲಾಸಕ್ಕೆ ಮರಳಿಸಿತು. ಕಾಲಜ್ಞಾನವು ಅವರನ್ನು ಕಲ್ಯಾಣಕ್ಕೆ ಮರಳಿಸಲು ಹಂಬಲಿಸಿತು. ನೆಲದ ಮೇಲಿನ ಮನೆಯನ್ನು ಮರೆಯದವರ ಸಾಹಿತ್ಯ ಅದು.

ಜನತೆಯ ಆಚರಣೆಯೂ ಕಾವ್ಯಕ್ಕಿಂತ ನಿಷ್ಠೆಯಿಂದ ಈ ನೆನಪನ್ನು ಕಾಯ್ದುಕೊಂಡಿದೆ. ಭಾರತ ಹುಣ್ಣಿಮೆಯ ಉಳವಿ ಜಾತ್ರೆಗೆ ಉತ್ತರ ಕರ್ನಾಟಕದ ಒಕ್ಕಲುಮಕ್ಕಳು ಬಂಡಿ ಹೂಡಿಕೊಂಡು, ಬುತ್ತಿ ಕಟ್ಟಿಕೊಂಡು, ದಾರಿಯಲ್ಲಿ ತಂಗುತ್ತ ಹೋಗುತ್ತಾರೆ. ಬಸ್ಸು ಮೋಟಾರುಗಳು ಬಂದ ಮೇಲೂ ಬಂಡಿಯ ಪ್ರಯಾಣ ನಿಂತಿಲ್ಲ. ಎತ್ತುಗಳೊಡನೆ, ಮಕ್ಕಳುಮರಿಗಳೊಡನೆ ಕಾಡಿನೊಳಕ್ಕೆ ನಡೆಯುವ ಆ ಸಾಲು, ಬಲ್ಲವರ ಕಣ್ಣಿಗೆ, ಎಂಟು ಶತಮಾನಗಳ ಹಿಂದಿನ ಇನ್ನೊಂದು ಸಾಲಿನ ನೆನಪಾಗಿ ತೋರದಿರದು.

ವಚನಗಳು ಉಳಿದ ಬಗೆಯೂ ವಿಚಾರಯೋಗ್ಯವಾದುದು. ಓಲೆಕಟ್ಟುಗಳನ್ನು ಶರಣರು ಉಳವಿಯ ಕಡೆಗೆ ಹೊತ್ತೊಯ್ದರೆಂದು ಐತಿಹ್ಯವಿದೆ. ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲಕ್ಕೆ ಅವುಗಳ ಸಂಕಲನಕಾರ್ಯವು ಹುರುಪಿನಿಂದ ನಡೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಬಿಜಾಪುರದಲ್ಲಿ ನೆಲೆಸಿದ್ದ ಫ. ಗು. ಹಳಕಟ್ಟಿಯವರು ಮನೆಮನೆಯ ಜಗಲಿಯಲ್ಲಿದ್ದ ಕಟ್ಟುಗಳನ್ನು ಅರಸಿ, ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿ, ೧೯೨೬ರಿಂದ ಶಿವಾನುಭವ ಪತ್ರಿಕೆಯನ್ನು ನಡೆಸಿದರು. ಅವರು ಮಾಡಿದುದು ಒಂದರ್ಥದಲ್ಲಿ ಚದುರಿದವರನ್ನು ಮರಳಿ ಕೂಡಿಸುವ ಕೆಲಸ. ಊರು ಕಳೆದುಕೊಂಡ ಮಾತುಗಳಿಗೆ ಅವರು ಅಚ್ಚಿನಲ್ಲಿ ಊರು ಕಟ್ಟಿಕೊಟ್ಟರು.

೬

ಆಧುನಿಕ ಸಾಹಿತ್ಯವು ಕಲ್ಯಾಣದ ಕಥೆಯನ್ನು ಹಲವು ಸಲ ಹೇಳಿದೆ. ಬಿ. ಪುಟ್ಟಸ್ವಾಮಯ್ಯನವರ ಕಾದಂಬರಿಮಾಲೆಯ ಕ್ರಾಂತಿ ಕಲ್ಯಾಣಕ್ಕೆ ೧೯೬೪ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಪಿ. ಲಂಕೇಶರ ಸಂಕ್ರಾಂತಿ (೧೯೭೧), ಎಚ್. ಎಸ್. ಶಿವಪ್ರಕಾಶರ ಮಹಾಚೈತ್ರ (೧೯೮೬), ಗಿರೀಶ ಕಾರ್ನಾಡರ ತಲೆದಂಡ (೧೯೯೦) ರಂಗಭೂಮಿಯಲ್ಲಿ ಚರ್ಚೆಯನ್ನೆಬ್ಬಿಸಿದವು. ಇವು ಕಾರಣಿಕದ ತೆರೆಯನ್ನು ಸರಿಸಿ, ಕುಲಸಂಘರ್ಷವನ್ನೂ ಅಧಿಕಾರದ ಕ್ರೌರ್ಯವನ್ನೂ ಎದುರಿಗೆ ತಂದವು. ಆದರೆ ನಾಟಕಗಳ ನೋಟ ಬಹುಮಟ್ಟಿಗೆ ಅರಮನೆಯ ಮೇಲೆ, ಬಸವ-ಬಿಜ್ಜಳರ ಸಂಬಂಧದ ಮೇಲೆ ನೆಟ್ಟಿದೆ. ಕಲ್ಯಾಣವು ಉರಿದ ಮೇಲೆ ತೆರೆ ಬೀಳುತ್ತದೆ. ಹೊರಟವರ ಕಥೆ ಆರಂಭವಾಗುವುದು ಆ ತೆರೆ ಬಿದ್ದ ಮೇಲೆಯೇ.

ಈ ಕೊರತೆ ಹನ್ನೆರಡನೆಯ ಶತಮಾನದ ಮಟ್ಟಿಗೆ ಮಾತ್ರ ಉಳಿದಿದ್ದರೆ ಸಹಿಸಬಹುದಿತ್ತು. ಇದೇ ನೆಲದ ಇನ್ನೊಂದು ವಲಸೆಯ ವಿಷಯದಲ್ಲಿಯೂ ಅದು ಮುಂದುವರಿದಿದೆ. ೧೯೫೬ರವರೆಗೆ ಬಿಜಾಪುರ ಜಿಲ್ಲೆಯು ಮುಂಬಯಿಯ ಆಡಳಿತಕ್ಕೆ ಸೇರಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ ತಾಲೂಕುಗಳು ಅದರ ಗಡಿ. ಆಚೆಗೆ ಕಲಬುರ್ಗಿ, ರಾಯಚೂರು ಜಿಲ್ಲೆಗಳು, ಅಂದರೆ ನಿಜಾಮ ಸಂಸ್ಥಾನ. ೧೯೪೭ರ ಆಗಸ್ಟಿನಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದರೂ ಹೈದರಾಬಾದು ಭಾರತವನ್ನು ಸೇರಲಿಲ್ಲ. ಕಾಸಿಂ ರಜ್ವಿಯ ಮುಂದಾಳುತನದ ರಜಾಕಾರರ ಹಾವಳಿಗೆ ತುತ್ತಾದ ಹಳ್ಳಿಗಳ ಜನ ಸೊಲ್ಲಾಪುರ, ಬಿಜಾಪುರ, ಧಾರವಾಡ ಜಿಲ್ಲೆಗಳಿಗೆ ಗಡಿ ದಾಟಿ ಬಂದರು. ೧೯೪೮ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ಅನೇಕರು ಹತರಾದರು. ಅದು ಬಸವಾದಿ ಶರಣರ ಕಲ್ಯಾಣದ ಪರಿಸರದ್ದೇ ಊರು. ಎಂಟು ಶತಮಾನಗಳ ಮೇಲೆ ಅದೇ ಸೀಮೆಯಿಂದ ಜನ ಮತ್ತೊಮ್ಮೆ ಗಂಟುಮೂಟೆ ಕಟ್ಟಿದರು.

ಆ ಕಾಲವನ್ನು ಕುರಿತ ಬರಹಗಳಲ್ಲಿ ಮುಂಡರಗಿ, ಗಜೇಂದ್ರಗಡದಂತಹ ಗಡಿಶಿಬಿರಗಳಲ್ಲಿ ನೆರೆದು ಹೋರಾಡಿದ ವೀರರ ಸಾಹಸಗಳು ದಾಖಲಾಗಿವೆ, ದಾಖಲಾಗಬೇಕಾದುದೇ. ಆದರೆ ರಾತ್ರೋರಾತ್ರಿ ಹೊಳೆ ದಾಟಿ, ಬಂಧುಗಳ ಪಡಸಾಲೆಯಲ್ಲಿಯೋ ಮಠದ ಅಂಗಳದಲ್ಲಿಯೋ ತಿಂಗಳುಗಟ್ಟಲೆ ಉಳಿದ ಸಾಮಾನ್ಯರ ಕಥೆ ಮನೆಯ ಮಾತಾಗಿಯೇ ಉಳಿದು, ಹೇಳುವ ಹಿರಿಯರೊಡನೆ ಅಳಿಯುತ್ತಿದೆ. ಕಾರಣ ಹಳೆಯದೇ. ಹೋರಾಡಿದುದು ಹೇಳಿಕೊಳ್ಳುವ ಮಾತು, ಓಡಿಬಂದುದು ಮುಚ್ಚಿಕೊಳ್ಳುವ ಮಾತು ಎಂಬ ಭಾವನೆ.

ಇನ್ನೊಂದು ಮೌನವಿದೆ, ಅದನ್ನು ಮುರಿಯುವುದು ಹೆಚ್ಚು ಕಷ್ಟ. ೧೯೪೮ರ ಸೆಪ್ಟೆಂಬರ್ ೧೩ರಿಂದ ೧೭ರವರೆಗೆ ನಡೆದ ಸೈನಿಕ ಕಾರ್ಯಾಚರಣೆಯಿಂದ ಸಂಸ್ಥಾನವು ವಿಮೋಚನೆಗೊಂಡಿತು. ಅದರ ಹಿಂದೆಯೇ, ರಜಾಕಾರರೊಡನೆ ಯಾವ ಸಂಬಂಧವೂ ಇಲ್ಲದ ಮುಸಲ್ಮಾನ ಕುಟುಂಬಗಳ ಮೇಲೆ ಅನೇಕ ಹಳ್ಳಿಗಳಲ್ಲಿ ಪ್ರತೀಕಾರದ ಹಿಂಸೆ ನಡೆಯಿತು. ಕೇಂದ್ರ ಸರಕಾರವು ಕಳುಹಿಸಿದ ಪಂಡಿತ ಸುಂದರಲಾಲ್ ಮತ್ತು ಖಾಜಿ ಅಬ್ದುಲ್ ಗಫಾರ್ ಅವರ ತಂಡವು ೨೭ ಸಾವಿರದಿಂದ ೪೦ ಸಾವಿರ ಜನರು ಸತ್ತಿರಬಹುದೆಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಕಲಬುರ್ಗಿಯೂ ಬೀದರವೂ ಇದ್ದವು. ಆ ವರದಿ ದಶಕಗಳ ಕಾಲ ಕಡತದಲ್ಲಿಯೇ ಇದ್ದು ೨೦೧೩ರಲ್ಲಿ ಸಾರ್ವಜನಿಕರ ಕೈಗೆ ಬಂದಿತು. ಆಗಲೂ ಮನೆ ತೊರೆದು ನಡೆದವರಿದ್ದರು. ಅವರ ಕೈಯಲ್ಲಿಯೂ ಗಂಟುಗಳಿದ್ದವು, ಹೆಗಲ ಮೇಲೆ ಕೂಸುಗಳಿದ್ದವು.

ಕಲ್ಯಾಣದ ಕಥೆಯನ್ನು ಓದಿ ಕಣ್ಣೀರಿಡುವವನು ಈ ಎರಡು ವಲಸೆಗಳಲ್ಲಿ ಒಂದನ್ನು ನೆನೆದು ಇನ್ನೊಂದನ್ನು ಮರೆಯುವಂತಿಲ್ಲ. ಬಸವಪುರಾಣಗಳು ಬಿಜ್ಜಳನ ವಧೆಯನ್ನು ಸಮರ್ಥಿಸಿದ ಬಗೆಯನ್ನು ಇಲ್ಲಿ ಮತ್ತೆ ಪರೀಕ್ಷಿಸಬೇಕಾಗುತ್ತದೆ. ಜಗದೇವನ ಕತ್ತಿ ದ್ರೋಹಿಯನ್ನು ದಂಡಿಸಿತೆಂದು ಕವಿ ಹಿಗ್ಗುತ್ತಾನೆ. ಆದರೆ ಆ ಕತ್ತಿಯ ಬೆಲೆಯನ್ನು ತೆತ್ತವರು ಕತ್ತಿ ಹಿಡಿಯದಿದ್ದವರು. ಹೆಂಗಸರು, ಮಕ್ಕಳು, ಕಾಯಕಜೀವಿಗಳು. ದಯೆಯನ್ನೇ ಧರ್ಮದ ಮೂಲವೆಂದು ಬೋಧಿಸಿದ ಗುರುವಿನ ಹೆಸರಿನಲ್ಲಿ ನಡೆದ ಕೊಲೆಯು ಆ ಗುರುವಿನ ಊರನ್ನೇ ಬರಿದು ಮಾಡಿತು. ಈ ವಿಪರ್ಯಾಸವನ್ನು ಪುರಾಣ ಕಾಣಲಿಲ್ಲ. ಇಂದಿನ ಓದುಗನು ಕಾಣದಿದ್ದರೆ ಅದು ಕ್ಷಮಾರ್ಹವಲ್ಲ.

೭

೧೯೯೮ರಲ್ಲಿ ವಿಶ್ವಸಂಸ್ಥೆಯು ದೇಶದೊಳಗಿನ ನಿರ್ವಸಿತರ ವಿಷಯದಲ್ಲಿ ಕೆಲವು ಮಾರ್ಗದರ್ಶಕ ತತ್ತ್ವಗಳನ್ನು ಹೊರಡಿಸಿತು. ಕಲಹ, ಹಿಂಸೆ, ಹಕ್ಕುಚ್ಯುತಿ, ಪ್ರಕೃತಿವಿಕೋಪಗಳ ದೆಸೆಯಿಂದ ಮನೆ ಬಿಟ್ಟು, ಆದರೆ ದೇಶದ ಗಡಿಯನ್ನು ದಾಟದೆ ಉಳಿದವರು ನಿರಾಶ್ರಿತರೆಂಬ ಹೆಸರಿನ ರಕ್ಷಣೆಗೂ ಹೊರಗಾಗುತ್ತಾರೆಂಬುದು ಅದರ ಹಿಂದಿದ್ದ ಕಳಕಳಿ. ಪರದೇಶಕ್ಕೆ ಓಡಿದವನನ್ನು ಜಗತ್ತು ಎಣಿಸುತ್ತದೆ. ಪಕ್ಕದ ಜಿಲ್ಲೆಗೆ ಓಡಿದವನನ್ನು ಎಣಿಸುವವರಿಲ್ಲ. ೧೯೯೦ರಲ್ಲಿ ಕಾಶ್ಮೀರದ ಪಂಡಿತರು, ೨೦೨೩ರಲ್ಲಿ ಮಣಿಪುರದ ಗುಡ್ಡ ಬಯಲುಗಳ ಜನರು ಈ ಸ್ಥಿತಿಯನ್ನು ಕಂಡರು. ೨೦೧೨ರ ಆಗಸ್ಟಿನಲ್ಲಿ ಕರ್ನಾಟಕದ ರಾಜಧಾನಿಯಿಂದಲೇ ಈಶಾನ್ಯ ರಾಜ್ಯಗಳ ಸಾವಿರಾರು ದುಡಿಯುವ ಮಕ್ಕಳು ಬರಿಯ ವದಂತಿಗೆ ಅಂಜಿ ರೈಲು ಹತ್ತಿದರು. ಕತ್ತಿ ಹೊರಬರದಿದ್ದರೂ ಭಯವು ತನ್ನ ಕೆಲಸವನ್ನು ಮಾಡಿತ್ತು.

ನಿಜಾಮ ಸಂಸ್ಥಾನದ ಭಾಗವಾಗಿದ್ದ ಕನ್ನಡ ನಾಡಿಗೆ ೨೦೧೯ರಲ್ಲಿ ಕಲ್ಯಾಣ ಕರ್ನಾಟಕವೆಂದು ಹೆಸರಿಡಲಾಯಿತು. ೨೦೨೪ರಲ್ಲಿ ಬಸವಣ್ಣನವರನ್ನು ರಾಜ್ಯದ ಸಾಂಸ್ಕೃತಿಕ ನಾಯಕರೆಂದು ಸರಕಾರ ಘೋಷಿಸಿತು. ಎರಡೂ ಸಂತೋಷದ ಸಂಗತಿಗಳೇ. ಆದರೆ ಕಲ್ಯಾಣವೆಂಬ ಹೆಸರು ಒಂದು ಅನುಭವಮಂಟಪವನ್ನು ಮಾತ್ರ ನೆನಪಿಸಿದರೆ ಸಾಲದು. ಅದು ಬರಿದಾದ ಬೀದಿಯನ್ನೂ ನೆನಪಿಸಬೇಕು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲಿ ಎರಡು ಕೆಲಸಗಳು ಕಾದಿವೆ. ನೀಲಮ್ಮ, ನಾಗಮ್ಮ, ಗಂಗಾಂಬಿಕೆಯವರ ವಚನಗಳನ್ನೂ ಕಾಲಜ್ಞಾನದ ಕೃತಿಗಳನ್ನೂ ನೆಲೆ ತಪ್ಪಿದವರ ಸಾಹಿತ್ಯವಾಗಿ ಮರಳಿ ಓದುವುದು ಒಂದು. ಭೀಮೆ ಕೃಷ್ಣೆಯರ ಎರಡೂ ದಂಡೆಗಳಲ್ಲಿ, ಎಲ್ಲ ಮತದವರ ಮನೆಗಳಲ್ಲಿ, ೧೯೪೮ರ ನೆನಪು ಉಳಿದಿರುವ ಕೊನೆಯ ಹಿರಿಯರ ಮಾತುಗಳನ್ನು ಅವು ಅಳಿಯುವ ಮೊದಲು ಬರೆದಿಡುವುದು ಇನ್ನೊಂದು. ಎರಡನೆಯ ಕೆಲಸಕ್ಕೆ ಕಾಲಾವಕಾಶ ಬಹಳ ಉಳಿದಿಲ್ಲ.

ಭಕ್ತರಿಗೂ ಒಂದು ಹೊಣೆಯಿದೆ. ತಂಗಡಗಿಯ ದಂಡೆಗೆ ಬಂದು ನಿಂತಾಗ ನೀಲಮ್ಮನವರು ಪೂಜ್ಯೆಯೆಂದು ಯಾರ ಹಣೆಯ ಮೇಲೂ ಬರೆದಿರಲಿಲ್ಲ. ದೂರದಿಂದ ನಡೆದು ಬಂದ, ದಣಿದ, ಗುರುತಿಲ್ಲದ ಹೆಣ್ಣುಮಗಳೊಬ್ಬಳನ್ನು ಆ ಊರು ಕಂಡಿತು. ಆ ಊರಿನವರು ಯಾರೋ ಅವಳಿಗೆ ನೀರು ಕೊಟ್ಟಿರಬೇಕು, ನೆರಳು ತೋರಿಸಿರಬೇಕು. ಇಲ್ಲದಿದ್ದರೆ ಆಕೆಯ ಹೆಸರು ಅಲ್ಲಿ ಉಳಿಯುತ್ತಿರಲಿಲ್ಲ. ಗದ್ದುಗೆಗೆ ಕೈಮುಗಿಯುವುದು ಸುಲಭ. ಊರ ಹೊರಗೆ ಗಂಟಿಳಿಸಿ ನಿಂತ ಅಪರಿಚಿತರಿಗೆ ಆ ಮೊದಲನೆಯ ಬಿಂದಿಗೆ ನೀರನ್ನು ಕೊಡುವುದೇ ಕಲ್ಯಾಣದ ಕಥೆಯನ್ನು ಸರಿಯಾಗಿ ಓದಿದುದಕ್ಕೆ ಸಾಕ್ಷಿ.